ಶನಿವಾರ ನಾನು ಕ್ರೋಶಾ ಕಡ್ಡಿ ಮುಟ್ಟಲ್ಲ

ಚರ್ಚಿನ ಸಭೆಯಲ್ಲಿ ಯಾರಾದರೂ ಸೂಜಿ-ದಾರ ಹಿಡಿಯುವವರಿದ್ದರೆ ಅವರಿಗೊಂದು ಅಡ್ಡಹೆಸರು ತಾನಾಗಿ ಅಂಟಿಕೊಳ್ಳುತ್ತದೆ: ದೊರ್ಕ. ನನಗೂ ಅಂಟಿದೆ. "ಇವರು ನಮ್ಮ ಸಭೆಯ ದೊರ್ಕ ಅಕ್ಕ" ಅಂತ ಪಾಸ್ಟರಮ್ಮ ಹೊಸಬರಿಗೆ ಪರಿಚಯ ಮಾಡಿಸಿದಾಗ ನಾನು ನಕ್ಕು ಸುಮ್ಮನಾಗುತ್ತೇನೆ. ಒಳಗೊಂದು ತಕರಾರು ಮಾತ್ರ ಇದ್ದೇ ಇದೆ. ಬೈಬಲಿನಲ್ಲಿ ಬರುವ ಯೊಪ್ಪ ಊರಿನ ತಬಿಥಾ, ಅಂದರೆ ದೊರ್ಕ, ವಿಧವೆಯರಿಗೆ ಅಂಗಿ ಹೊಲಿದುಕೊಟ್ಟಳು ಅನ್ನುವುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅವಳು ಕಾಯಿಲೆ ಬಿದ್ದು ಸತ್ತಳು ಅನ್ನುವುದನ್ನು ಯಾರೂ ಎತ್ತುವುದಿಲ್ಲ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇವೆ. ಯೇಸುವಿನ ಶಿಷ್ಯ ಪೇತ್ರ ಮೇಲಟ್ಟಕ್ಕೆ ಬಂದಾಗ ವಿಧವೆಯರು ಅಳುತ್ತಾ ಅವಳು ಹೊಲಿದ ಬಟ್ಟೆಗಳನ್ನು ತೋರಿಸುತ್ತಾರೆ. ಅವಳಿಗೆ ಏನಾಗಿತ್ತು ಅನ್ನುವುದು ಒಂದು ಸಾಲೂ ಇಲ್ಲ. ಬರೆದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ "ಪ್ರಿಯ ವೈದ್ಯ" ಎಂದು ಕರೆದಿದೆ ಬೇರೆ! ವೈದ್ಯನಾಗಿ ರೋಗದ ಹೆಸರು ಬಿಟ್ಟು ಅಂಗಿಗಳ ಲೆಕ್ಕ ಬರೆದಿದ್ದಾನೆ. ಪೇತ್ರ ಪ್ರಾರ್ಥಿಸಿ ಜೀವ ಬಂದು ಎದ್ದು ಕೂತ ಮೇಲೆ ಅವಳು ಮತ್ತೆ ಸೂಜಿ ಹಿಡಿದಳೋ ಇಲ್ಲವೋ, ಅದೂ ಇಲ್ಲ.

ನನಗೆ ಇದು ಮುಖ್ಯ ಯಾಕೆಂದರೆ ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಸವೆದು ಬರುವ ಮಂಡಿನೋವಿನ ಜಾತಿ ಇದಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾಗಿ ಕೈಬೆರಳಿನ ಸಣ್ಣ ಕೀಲುಗಳು, ಎರಡೂ ಕಡೆ ಒಂದೇ ಥರ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ಆ ಬಿಗಿತ ಸಡಿಲವಾಗಲು ಒಂದು ಗಂಟೆಗಿಂತ ಹೆಚ್ಚೇ ಬೇಕು. ಬೈಬಲಿನ ಕಾಗದ ಎಷ್ಟು ತೆಳ್ಳಗಿರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಆಗ. ಕೀರ್ತನೆಗಳಿಂದ ಲೂಕನಿಗೆ ಹೋಗಬೇಕೆಂದರೆ ಒಂದೇ ಸಲಕ್ಕೆ ಹತ್ತಿಪ್ಪತ್ತು ಹಾಳೆ ಮಡಚಿಕೊಂಡು ಬರುತ್ತವೆ, ಇಲ್ಲವೇ ಒಂದೂ ಏಳುವುದಿಲ್ಲ. ಹೀಗಾಗಿ ಬೆಳಗಿನ ಓದು ಈಗ ಕೇಳುವುದಾಗಿದೆ. ಒಂದು ಬೇಸಿನ್ ಬೆಚ್ಚಗಿನ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಕೂರುತ್ತೇನೆ, ಫೋನ್ ಪಕ್ಕದಲ್ಲಿ ಅಧ್ಯಾಯ ಓದುತ್ತದೆ. ನೀರು ತಣ್ಣಗಾಗುವ ಹೊತ್ತಿಗೆ ಅಧ್ಯಾಯ ಮುಗಿದಿರುತ್ತದೆ. 119ನೇ ಕೀರ್ತನೆ ಬಂದ ದಿನ ಮಾತ್ರ ನೀರು ಬದಲಾಯಿಸಬೇಕು, 176 ವಚನ!

ಇನ್ನು ಔಷಧಿಯ ವಿಷಯ. "ಅಕ್ಕಾ, ನೀವು ಮಾತ್ರೆ ನಂಬ್ತೀರೋ ಕರ್ತನನ್ನ ನಂಬ್ತೀರೋ?" ಅಂತ ನೇರವಾಗಿ ಕೇಳಿದವರಿದ್ದಾರೆ. ಪ್ರೀತಿಯಿಂದಲೇ ಕೇಳಿದ್ದು, ಅದು ಇನ್ನೂ ಕಷ್ಟ. ನಾನು ಅರಸ ಹಿಜ್ಕೀಯನ ಕಥೆ ಹೇಳುತ್ತೇನೆ. ಎರಡನೇ ಅರಸುಗಳು 20ನೇ ಅಧ್ಯಾಯ. ನಿನ್ನನ್ನು ವಾಸಿಮಾಡುತ್ತೇನೆ ಅಂತ ದೇವರೇ ಪ್ರವಾದಿಯ ಬಾಯಲ್ಲಿ ಹೇಳಿಸಿದ ಮೇಲೂ ಆ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಪಟ್ಟು ಹಾಕಿಸಿದ. ಮಾತು ಕೊಟ್ಟವನೇ ಪಟ್ಟನ್ನೂ ಬೇಡ ಅನ್ನಲಿಲ್ಲ. ಅಪೊಸ್ತಲ ಪೌಲನೂ ತನ್ನ ಶಿಷ್ಯ ತಿಮೊಥೆಯನಿಗೆ ನಿನ್ನ ಹೊಟ್ಟೆಗೂ ಆಗಾಗ ಬರುವ ಕಾಯಿಲೆಗೂ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ, ನಂಬಿಕೆ ಸಾಲದು ಅಂತ ಬೈಯಲಿಲ್ಲ. ತನ್ನ ಮೈಯಲ್ಲಿದ್ದ, ಮುಳ್ಳು ಅಂತ ತಾನೇ ಕರೆದ ಬಾಧೆಗಾಗಿ ಅದೇ ಪೌಲ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಇಷ್ಟು ಹೇಳಿದರೆ ಸಾಮಾನ್ಯವಾಗಿ ಮಾತು ಬೇರೆ ಕಡೆ ತಿರುಗುತ್ತದೆ.

ನನ್ನ ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ದಿನಾ ನುಂಗುವ ಮಾತ್ರೆಯೆಂದು ತಪ್ಪು ತಿಳಿದು ಜೀವ ಹೋದ ಪ್ರಕರಣಗಳು ನಿಜಕ್ಕೂ ಆಗಿವೆ. ಜೊತೆಗೆ ವೈದ್ಯರು ಹೇಳಿದ ದಿನ ಫೋಲಿಕ್ ಆ್ಯಸಿಡ್, ಆಗಾಗ ರಕ್ತ ಪರೀಕ್ಷೆ, ಲಿವರ್ ಹೇಗಿದೆ, ರಕ್ತಕಣ ಎಷ್ಟಿದೆ ನೋಡಲು. ಈ ಮಾತ್ರೆ ತಗೊಂಡ ಮಾರನೇ ದಿನ ಹಲವರಿಗೆ ಸುಸ್ತು, ಹೊಟ್ಟೆ ತೊಳಸುವಿಕೆ. ನನಗೂ ಹಾಗೇ. ಮೊದಲು ಶನಿವಾರ ರಾತ್ರಿ ತಗೊಳ್ಳುತ್ತಿದ್ದೆ. ಭಾನುವಾರ ಆರಾಧನೆಯಲ್ಲಿ ಎದ್ದು ನಿಲ್ಲುವ ಹಾಡಿಗೂ ಕೂತೇ ಇರುತ್ತಿದ್ದೆ. ವೈದ್ಯರನ್ನು ಕೇಳಿ ಶುಕ್ರವಾರ ರಾತ್ರಿಗೆ ಬದಲಾಯಿಸಿಕೊಂಡೆ. ಸುಸ್ತು ಈಗ ಶನಿವಾರದ ಪಾಲು.

ಕಡ್ಡಿ ಮುಟ್ಟದ ದಿನ ಬಂದದ್ದು ಹೀಗೆ. ಭಕ್ತಿಯಿಂದ ತೆಗೆದುಕೊಂಡ ತೀರ್ಮಾನ ಅಂತ ಹೇಳಿಕೊಳ್ಳಲು ನನಗೆ ಸಂಕೋಚ. ಹಳೇ ಒಡಂಬಡಿಕೆಯ ಸಬ್ಬತ್ತು, ಅಂದರೆ ಕೆಲಸ ಬಿಟ್ಟು ವಿಶ್ರಮಿಸುವ ದಿನ, ನನ್ನ ಮನೆಗೆ ಮಾತ್ರೆ ಚೀಟಿಯ ಮೂಲಕ ಬಂತು, ಅದೂ ಸರಿಯಾಗಿ ಶುಕ್ರವಾರ ರಾತ್ರಿಯಿಂದ ಶನಿವಾರ ಸಂಜೆಯವರೆಗೆ! ಬಂದ ಮೇಲೆ ಅದರ ಬಗ್ಗೆ ಓದಲು ಕೂತೆ. ಓದಿದ್ದು ನನ್ನ ಕೈಕೆಲಸದ ಬಗ್ಗೆಯೇ ಆಗಿತ್ತು.

ವಿಮೋಚನಕಾಂಡ 31. ಯೂದ ಕುಲದ ಬೆಚಲೇಲನನ್ನು ಹೆಸರು ಹಿಡಿದು ಕರೆದಿದ್ದೇನೆ, ಅವನಿಗೆ ದೇವರಾತ್ಮವನ್ನು ಕೊಟ್ಟು ಸಕಲ ಕೆಲಸಗಳಲ್ಲಿ ಜಾಣನನ್ನಾಗಿ ಮಾಡಿದ್ದೇನೆ ಅಂತ ದೇವರು ಮೋಶೆಗೆ ಹೇಳುವ ಭಾಗ. ಕೈಕೆಲಸದ ಗುಂಪುಗಳಲ್ಲಿ ಇದನ್ನು ಓದದವರಿಲ್ಲ, ನಮ್ಮ ಕೆಲಸಕ್ಕೆ ಇದೇ ಸನ್ನದು. ಎಲ್ಲರೂ 11ನೇ ವಚನಕ್ಕೆ ಪುಸ್ತಕ ಮುಚ್ಚುತ್ತೇವೆ. 12ರಿಂದ ಏನಿದೆ? ಸಬ್ಬತ್ ದಿನವನ್ನು ಆಚರಿಸಲೇಬೇಕು, ಅಂದು ಕೆಲಸ ಮಾಡಿದವನಿಗೆ ಮರಣಶಿಕ್ಷೆ. ದೇವರ ಆರಾಧನೆಗೆ ಕಟ್ಟುವ ಗುಡಾರದ ಪರದೆ, ಯಾಜಕರ ಬಟ್ಟೆ, ಕಸೂತಿ ಎಲ್ಲವನ್ನೂ ಒಪ್ಪಿಸಿದ ಮರುಕ್ಷಣವೇ ಈ ಮಾತು. 35ನೇ ಅಧ್ಯಾಯದಲ್ಲಿ ಇನ್ನೂ ಖಡಕ್ಕು: ಮೊದಲು ಸಬ್ಬತ್ತಿನ ಆಜ್ಞೆ, ಆಮೇಲೆ ಹೆಂಗಸರು ಕೈಯಾರೆ ನೂತು ನೀಲಿ, ಧೂಮ್ರ, ರಕ್ತವರ್ಣದ ದಾರ ತಂದ ಸುದ್ದಿ. ಅದು ದೇವರ ಮನೆಯ ಕೆಲಸ, ಆದರೂ ರಿಯಾಯಿತಿ ಇಲ್ಲ.

ಯೆಹೂದಿ ಗುರುಗಳು ಈ ಪಕ್ಕಪಕ್ಕದ ಜೋಡಣೆಯನ್ನು ಹಾಗೇ ಬಿಡಲಿಲ್ಲ. ಗುಡಾರ ಕಟ್ಟಲು ಬೇಕಾದ ಕೆಲಸಗಳೇ ಸಬ್ಬತ್ತಿನಲ್ಲಿ ಮಾಡಬಾರದ ಕೆಲಸಗಳು ಅಂತ ಲೆಕ್ಕ ಹಾಕಿದರು. ಆ ಗುರುಗಳ ಹಳೇ ಕಟ್ಟಳೆಗಳ ಸಂಗ್ರಹವಾದ ಮಿಷ್ನಾದಲ್ಲಿ 39 ಕೆಲಸಗಳ ಪಟ್ಟಿಯಿದೆ. ಉಣ್ಣೆ ಕತ್ತರಿಸುವುದು, ಒಗೆಯುವುದು, ಬಣ್ಣ ಹಾಕುವುದು, ನೂಲುವುದು, ಎರಡು ಎಳೆ ನೇಯುವುದು, ಗಂಟು ಹಾಕುವುದು, ಗಂಟು ಬಿಚ್ಚುವುದು, ಎರಡು ಹೊಲಿಗೆ ಹಾಕುವುದು. ಎರಡೇ ಎರಡು ಹೊಲಿಗೆ! ಈ ಪಟ್ಟಿ ಮಾಡಿದವರ ಮನೆಯಲ್ಲಿ ನನ್ನಂಥವಳೊಬ್ಬಳು ಇದ್ದಿರಲೇಬೇಕು. "ಈ ಸಾಲು ಮುಗಿಸಿ ಬರ್ತೀನಿ" ಅನ್ನುವವಳು. ಕ್ರೋಶಾ ಹಾಕುವವರಿಗೆಲ್ಲ ಗೊತ್ತು, ಈ ಸಾಲು ಅನ್ನುವುದು ಯಾವತ್ತೂ ಈ ಸಾಲಲ್ಲ.

ಹೊಸ ಒಡಂಬಡಿಕೆಯವರಾದ ನಮಗೆ ಈ 39ರ ಹಂಗಿಲ್ಲ, ಸರಿ. ನನಗೆ ಅದು ಕಾನೂನಾಗಿ ಬೇಕಾಗಿಯೂ ಇಲ್ಲ. ಆದರೆ ಅರ್ಧಕ್ಕೇ ಬಿಡುವುದನ್ನು ಕೈಗೆ ಅಭ್ಯಾಸ ಮಾಡಿಸಬೇಕಾಗಿತ್ತು, ಅದಕ್ಕೆ ಈ ಪಟ್ಟಿ ಬಹಳ ಒದಗಿ ಬಂತು. ಆರ್ಥ್ರೈಟಿಸ್ ಇರುವವರಿಗೆ ಹೇಳುವ ಒಂದು ನಿಯಮವಿದೆ: ಕೆಲಸ ನಿಲ್ಲಿಸಿ ಎರಡು ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ, ಮುಂದಿನ ಸಲ ಕಡಿಮೆ ಮಾಡು. ಪೂರ್ತಿ ಬಿಡು ಅಂತಲ್ಲ, ಕೈ ಆಡಿಸುತ್ತಲೇ ಇರಬೇಕು, ಸುಮ್ಮನಿಟ್ಟರೆ ಕೀಲು ಇನ್ನೂ ಬಿಗಿಯುತ್ತದೆ. ತೊಂದರೆ ಏನೆಂದರೆ ಕೈ ಈ ಲೆಕ್ಕವನ್ನು ತಡವಾಗಿ ಒಪ್ಪಿಸುತ್ತದೆ. ಹೆಣೆಯುವಾಗ ಹಾಯಾಗಿರುತ್ತದೆ. ಹಾಗಾಗಿ ನಾನು ಟೈಮರ್ ಇಟ್ಟುಕೊಳ್ಳುತ್ತೇನೆ, ಅದು ಕೂಗಿದಾಗ ಸಾಲಿನ ಮಧ್ಯದಲ್ಲಿದ್ದರೆ ಮಧ್ಯದಲ್ಲೇ. ಕಡ್ಡಿಯಲ್ಲಿರುವ ಕೊನೆಯ ಕುಣಿಕೆಯನ್ನು ಹೆಬ್ಬೆರಳಷ್ಟು ಅಗಲ ಎಳೆದು, ಅದಕ್ಕೊಂದು ಮಾರ್ಕರ್, ಅಂದರೆ ಹೊಲಿಗೆಯ ಗುರುತಿಗೆ ಹಾಕುವ ಸಣ್ಣ ಕ್ಲಿಪ್ಪು, ಸಿಕ್ಕಿಸಿ, ಕಡ್ಡಿ ಹೊರಗೆ ತೆಗೆದು ಬೇರೆ ಕೋಣೆಯಲ್ಲಿಡುವುದು. ಮಾರ್ಕರ್ ಇಲ್ಲದಿದ್ದರೆ ಪಿನ್ನೂ ನಡೆಯುತ್ತದೆ. ಕುಣಿಕೆಗೆ ಏನಾದರೂ ಸಿಕ್ಕಿಸದೆ ಎದ್ದು ಹೋದರೆ ಯಾರದೋ ಕಾಲಿಗೆ ದಾರ ಸಿಕ್ಕಿ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಕಡ್ಡಿಯನ್ನು ಬೇರೆ ಕೋಣೆಯಲ್ಲಿಡುವುದು ಯಾಕೆಂದರೆ ನನ್ನನ್ನು ನಾನು ಬಲ್ಲೆ.

ವಿಮೋಚನಕಾಂಡ 36ರಲ್ಲಿ ಇನ್ನೊಂದು ಜಾಗ ನನಗೆ ಬಹಳ ಇಷ್ಟ. ಜನ ದಿನಾ ಬೆಳಿಗ್ಗೆ ಕಾಣಿಕೆ ತಂದು ತಂದು ಸುರಿಯುತ್ತಿದ್ದಾರೆ. ಕೆಲಸಗಾರರು ಕೆಲಸ ಬಿಟ್ಟು ಬಂದು ಮೋಶೆಗೆ ಹೇಳುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚಾಯಿತು ಅಂತ. ಇನ್ನು ಯಾರೂ ತರಬೇಡಿ ಅಂತ ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು. ಕಾಣಿಕೆ ಸಾಕು ಅನ್ನುವ ಪ್ರಕಟಣೆಯನ್ನು ನಾನು ಯಾವ ಸಭೆಯಲ್ಲೂ ಇನ್ನೂ ಕೇಳಿಲ್ಲ.

ಪ್ರಾರ್ಥನಾ ಶಾಲಿನ ಬಗ್ಗೆಯೂ ಹೇಳಬೇಕು, ಬಹಳ ಜನ ಕೇಳುತ್ತಾರೆ. 1998ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಸೆಮಿನರಿಯಲ್ಲಿ ಓದಿದ ಇಬ್ಬರು ಹೆಂಗಸರು ಶುರು ಮಾಡಿದ ಸೇವೆ ಅದು: ಕಾಯಿಲೆಯವರಿಗೆ, ದುಃಖದಲ್ಲಿರುವವರಿಗೆ ಪ್ರಾರ್ಥಿಸುತ್ತಾ ಶಾಲು ಹೆಣೆದು ಕೊಡುವುದು. ಹೆಸರಾದ ನಮೂನೆಯೊಂದು ಮೂರು ಸೀದಾ, ಮೂರು ಉಲ್ಟಾ, ತಂದೆ, ಮಗ, ಪವಿತ್ರಾತ್ಮ ಅನ್ನುವ ತ್ರಯೇಕತ್ವದ ಗುರುತಾಗಿ. ನಾನೂ ಹೆಣೆದಿದ್ದೇನೆ, ನನಗೂ ಒಂದು ಬಂದಿದೆ. ಒಂದೊಂದು ಹೊಲಿಗೆಗೂ ಒಂದೊಂದು ಪ್ರಾರ್ಥನೆ ಅಂತ ಮಾತ್ರ ನನ್ನ ಕೈಲಿ ಹೇಳಲಾಗದು. ಲೆಕ್ಕವಿರುವ ಸಾಲಿನಲ್ಲಿ ನಾನು ಲೆಕ್ಕ ಮಾಡುತ್ತಿರುತ್ತೇನೆ, ಅಷ್ಟೇ. ಪ್ರಾರ್ಥನೆಗೆ ಕೂತರೆ ಹದಿನೇಳಾಯಿತೋ ಹದಿನೆಂಟಾಯಿತೋ ತಿಳಿಯುವುದಿಲ್ಲ, ಲೆಕ್ಕಕ್ಕೆ ಕೂತರೆ ಯಾರಿಗಾಗಿ ಹೆಣೆಯುತ್ತಿದ್ದೇನೋ ಅವರೇ ಮರೆತುಹೋಗುತ್ತಾರೆ. ಹಾಗಾಗಿ ಪ್ರಾರ್ಥನೆಗೆಂದು ಬೇರೆಯೇ ಒಂದು ಹೊದಿಕೆ ಇಟ್ಟಿದ್ದೇನೆ. ಅಂಚಿನಿಂದ ಅಂಚಿಗೆ ಬರೀ ಸಿಂಗಲ್ ಕ್ರೋಶಾ, ಲೆಕ್ಕ ಬೇಡದ ಸರಳ ಹೊಲಿಗೆ. ಅದಕ್ಕೆ ಗುರಿಯಿಲ್ಲ, ಗಡುವಿಲ್ಲ, ನೋಡಲೂ ಅಷ್ಟಕ್ಕಷ್ಟೆ. ಸಭೆಯ ಪ್ರಾರ್ಥನಾ ಪಟ್ಟಿಯ ಹೆಸರುಗಳೆಲ್ಲ ಅದರಲ್ಲೇ ಸಾಗುತ್ತವೆ.

ಸಾಮಾನಿನ ವಿಷಯದಲ್ಲಿ ಕಲಿತದ್ದನ್ನು ಬೇಗ ಹೇಳಿಬಿಡುತ್ತೇನೆ. ಹತ್ತಿ ದಾರ ಹಿಗ್ಗುವುದಿಲ್ಲ, ಪ್ರತಿ ಎಳೆತವೂ ನೇರವಾಗಿ ಬೆರಳಿಗೇ ಬಂದು ಬೀಳುತ್ತದೆ. ಉಣ್ಣೆ ಅಥವಾ ಅಕ್ರಿಲಿಕ್ ಮೃದು. ಸಣ್ಣ ಲೋಹದ ಕಡ್ಡಿಗಳನ್ನು ಕೊಟ್ಟುಬಿಟ್ಟೆ. ಈಗ 6 ಮಿಲಿಮೀಟರಿನದು, ಹಿಡಿಗೆ ದಪ್ಪ ಸ್ಪಂಜಿನ ಕೊಳವೆ ಸುತ್ತಿದ್ದೇನೆ. ಪೆನ್ನು ಹಿಡಿದಂತೆ ಹಿಡಿಯದೆ ಚಾಕು ಹಿಡಿದಂತೆ ಹಿಡಿದರೆ ಹೆಬ್ಬೆರಳಿನ ಮೇಲೆ ಭಾರ ಕಡಿಮೆ. ಹೊದಿಕೆ ಬೆಳೆದಂತೆ ಅದರ ತೂಕ ಮಣಿಕಟ್ಟನ್ನು ಎಳೆಯುತ್ತದೆ, ಹಾಗಾಗಿ ತೊಡೆಯ ಮೇಲೊಂದು ದಿಂಬು. ಇನ್ನು ತುಂಡು ತುಂಡಾಗಿ ಮಾಡಿ ಸೇರಿಸಿ ಹೊಲಿಯುವ ಯಾವುದನ್ನೂ ನಾನು ಒಪ್ಪಿಕೊಳ್ಳುವುದಿಲ್ಲ. ಸೂಜಿಯನ್ನು ಎರಡು ಬೆರಳಿನ ತುದಿಯಲ್ಲಿ ಚಿವುಟಿ ಹಿಡಿಯುವುದೇ ನನಗೆ ಅತಿ ಕಷ್ಟದ ಕೆಲಸ. ಸ್ವೆಟರ್ ಆದರೆ ಕುತ್ತಿಗೆಯಿಂದ ಶುರು ಮಾಡಿ ಕೆಳಗೆ ಇಳಿಯುವುದು, ಹೊಲಿಗೆಯೇ ಬೇಡ. ಯೋಹಾನ 19:23-24ರಲ್ಲಿ ಸಿಪಾಯಿಗಳು ಹರಿಯಲು ಮನಸ್ಸು ಬಾರದೆ ಚೀಟಿ ಹಾಕಿದ ಯೇಸುವಿನ ಒಳಂಗಿಯೂ ಹೀಗೇ, ಹೊಲಿಗೆಯಿಲ್ಲದೆ ಮೇಲಿನಿಂದ ಪೂರ್ತಿ ನೇಯ್ದದ್ದು. ನೇಯ್ದವರು ಯಾರೋ. ಅವರ ಕೈ ಹೇಗಿತ್ತೋ ಅಂತ ನನಗೆ ಯೋಚನೆ ಬರುತ್ತದೆ.

ಲೂಕನ ಮೇಲಿನ ನನ್ನ ಸಿಟ್ಟು ಅರ್ಧ ಇಳಿದದ್ದೂ ಒಂದು ಕೈಯಿಂದಲೇ. ಸಭಾಮಂದಿರದಲ್ಲಿ ಕೈ ಬತ್ತಿದವನನ್ನು ಯೇಸು ಸಬ್ಬತ್ ದಿನದಲ್ಲೇ ಗುಣಮಾಡಿದ ಕಥೆ ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. ಮೊದಲಿನಿಬ್ಬರು ಬರೀ ಕೈ ಅಂದಿದ್ದಾರೆ. ಲೂಕನೊಬ್ಬನೇ ಬಲಗೈ ಅಂತ ಬರೆದದ್ದು, 6ನೇ ಅಧ್ಯಾಯ 6ನೇ ವಚನ. ಬಲಗೈ ಹೋದರೆ ಮನುಷ್ಯನಿಗೆ ಏನೇನು ಹೋಗುತ್ತದೆ ಅನ್ನುವುದು ಗೊತ್ತಿದ್ದವನು ಮಾತ್ರ ಆ ಒಂದು ಪದ ಸೇರಿಸುತ್ತಾನೆ. ನಾನು ಕಡ್ಡಿ ಹಿಡಿಯುವುದೂ ಬಲಗೈಯಲ್ಲೇ.

ಮಾರಾಟಕ್ಕೆ ಮಾಡುವುದನ್ನು ನಿಲ್ಲಿಸಿದ್ದೇನೆ. ದುಡ್ಡು ತಗೊಂಡ ಮೇಲೆ ತಾರೀಖು ಕೊಡಬೇಕು, ತಾರೀಖು ಕೊಟ್ಟ ಮೇಲೆ ಟೈಮರ್ ಕೂಗಿದ್ದು ಕೇಳಿಸುವುದಿಲ್ಲ. ಹೆಣೆದು ಮಾರಿ ಬದುಕುವವರ ಬಗ್ಗೆ ನನ್ನದೇನೂ ಆಕ್ಷೇಪವಿಲ್ಲ, ಪೌಲನೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದು ಹೊಟ್ಟೆ ಹೊರೆದವನು. ನನ್ನ ಕೀಲುಗಳು ಆ ವ್ಯಾಪಾರಕ್ಕೆ ಒಪ್ಪುವುದಿಲ್ಲ, ಅಷ್ಟೇ.

ಕೊಡುವುದರಲ್ಲೂ ಗಡುವು ನುಸುಳುತ್ತದೆ. ಅಣ್ಣನ ಮಗಳು ಈಗ ಏಳು ತಿಂಗಳ ಬಸುರಿ. "ಅತ್ತೆ, ಪಾಪುಗೆ ನಿಮ್ಮ ಕೈಯ ಹೊದಿಕೆ ಬೇಕು, ಆಸ್ಪತ್ರೆಯಿಂದ ಮನೆಗೆ ಬರುವಾಗ ಅದರಲ್ಲೇ ಸುತ್ತಿಕೊಂಡು ಬರ್ತೀನಿ" ಅಂದಳು. "ಮಾಡ್ತೀನಿ ಕಣೇ, ಆದ್ರೆ ತಾರೀಖು ಕೇಳಬೇಡ" ಅಂದೆ. ಸ್ವಲ್ಪ ಮುನಿಸಿಕೊಂಡಳು. ಆಮೇಲೆ ಅವಳೇ ಫೋನ್ ಮಾಡಿ, ಬಣ್ಣ ಹಳದಿ ಇರಲಿ ಅಂದಳು. ಹಳದಿ ಉಣ್ಣೆ ತರಿಸಿದ್ದೇನೆ, ನಾಲ್ಕು ಸಾಲಾಗಿದೆ, ಐದನೆಯದು ಅರ್ಧದಲ್ಲಿದೆ. ಇದೇ ವೇಗವಾದರೆ ಹೊದಿಕೆ ಕೈ ಸೇರುವ ಹೊತ್ತಿಗೆ ಪಾಪು ಅದನ್ನು ತಾನೇ ಎಳೆದುಕೊಂಡು ತೆವಳಾಡೀತು, ಹಾಗಾಗಿ ಅಗಲವನ್ನು ಈಗಲೇ ಒಂದು ಗೇಣು ಹೆಚ್ಚಿಟ್ಟಿದ್ದೇನೆ.