ಸಂರಕ್ಷಣೆಯಲ್ಲಿ ಎಂ.ಎ. ಮಾಡಬೇಕೆ? ಉಡುಪಿಯಲ್ಲಿ ಕೂತು ಹಾಕಬೇಕಾದ ಲೆಕ್ಕ

ಹಸ್ತಪ್ರತಿ, ಕಲಾವಸ್ತುಗಳ ಸಂರಕ್ಷಣೆಯಲ್ಲಿ ಎಂ.ಎ. ಮಾಡಲೋ, ಇಲ್ಲೇ ಕೆಲಸ ಕಲಿಯಲೋ ಎಂದು ಕೇಳಿಕೊಂಡು ಬರುವ ಪದವೀಧರರ ಕೈಗೆ ಮೊದಲು ಒಂದು ಮೆತ್ತನೆ ಬ್ರಶ್ಶು, ಒಂದು ಓಲೆಗರಿ ಕಟ್ಟು ಕೊಡಬೇಕು. ಉಡುಪಿ, ಮಂಗಳೂರಿನಲ್ಲಿ ಈ ಪದವಿಯ ಬೆಲೆ ಗೊತ್ತಾಗುವುದು ಆ ಕಟ್ಟಿನ ಮುಂದೆಯೇ.

ದಾರ ಬಿಚ್ಚುವ ಮುಂಚೆ ಗರಿಗಳು ಯಾವ ಕ್ರಮದಲ್ಲಿವೆ ಎಂದು ಫೋಟೊ ತೆಗೆದಿಡಬೇಕು. ಆಮೇಲೆ ಧೂಳು: ನಾರು ಹೋದ ದಿಕ್ಕಿನಲ್ಲೇ, ನಡುವಿನಿಂದ ತುದಿಗೆ. ಆಗಲೂ ಕೊಳೆ ಹೋಗದಿದ್ದರೆ ಎಥನಾಲ್ ಮತ್ತು ಶುದ್ಧ ನೀರನ್ನು ಸಮಪಾಲು ಬೆರೆಸಿ, ಚೆನ್ನಾಗಿ ಹಿಂಡಿದ ಹತ್ತಿಯಲ್ಲಿ ಒರೆಸುತ್ತಾರೆ. ಎಡವಟ್ಟಾಗುವುದು ಇಲ್ಲಿ. ನಮ್ಮ ಕಡೆಯ ಹೆಚ್ಚಿನ ಗರಿಗಳಲ್ಲಿ ಅಕ್ಷರವನ್ನು ಕಂಟದಿಂದ, ಅಂದರೆ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೊರೆದು ಮಸಿ ತುಂಬಿರುತ್ತಾರೆ. ಒರೆಸುವಾಗ ಮಸಿ ಹೋದರೂ ಗೀರು ಉಳಿಯುತ್ತದೆ, ಮತ್ತೆ ತುಂಬಬಹುದು. ಕೊರೆಯದೆ ಬರೀ ಶಾಯಿಯಲ್ಲಿ ಮೇಲ್ಮೈಯಲ್ಲಿ ಬರೆದ ಗರಿಗೆ ಅದೇ ದ್ರವ ತಾಗಿದರೆ ಅಕ್ಷರವೇ ಹತ್ತಿಗೆ ಬಂದುಬಿಡುತ್ತದೆ, ಅದನ್ನು ಮರಳಿ ತರುವ ದಾರಿಯಿಲ್ಲ. ಹಾಗಾಗಿ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷಿಸದೆ ಮುಂದುವರಿಯುವಂತಿಲ್ಲ.

ಎಣ್ಣೆಯ ವಿಷಯವೂ ಹಾಗೆಯೇ. ಸಿಟ್ರೊನೆಲ್ಲಾ ಎಣ್ಣೆ ಒಣಗಿದ ಗರಿಗೆ ಬಾಗುವ ಗುಣ ಕೊಡುತ್ತದೆ, ಹುಳವನ್ನೂ ಸ್ವಲ್ಪ ಮಟ್ಟಿಗೆ ದೂರ ಇಡುತ್ತದೆ. ಜಾಸ್ತಿಯಾದರೆ ಧೂಳು ಹಿಡಿದು ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಚಾಕು ಹಾಕಿ ಎಬ್ಬಿಸಿದರೆ ಮೇಲ್ಪದರ ಅಕ್ಷರದ ಸಮೇತ ಕಿತ್ತು ಬರುತ್ತದೆ. ಹರಿದ ಕಡೆ ಅಕ್ಕರೆಯಿಂದ ಸೆಲ್ಲೋಟೇಪ್ ಹಚ್ಚಿದ ಕಟ್ಟುಗಳಂತೂ ನೋಡಲಿಕ್ಕೇ ಸಂಕಟ. ಟೇಪಿನ ಅಂಟು ಹಳದಿಯಾಗಿ ಒಳಗಿಳಿದ ಮೇಲೆ ತೆಗೆಯುವುದು ದುಬಾರಿ ಕೆಲಸ.

ಬ್ರಶ್ಶು ಹಿಡಿಯುವುದನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಯಾವ ವಸ್ತುವಿಗೆ ಏನು ಮಾಡಬಾರದು, ಯಾಕೆ ಮಾಡಬಾರದು ಎಂದು ರಸಾಯನಶಾಸ್ತ್ರದ ಆಧಾರದಲ್ಲಿ ಬರೆದು, ಸ್ಥಿತಿ ವರದಿಗೂ ಅಂದಾಜು ಪಟ್ಟಿಗೂ ಸಹಿ ಹಾಕುವುದು ಬೇರೆಯೇ ವಿದ್ಯೆ. ಪದವಿಗೆ ಕೊಡುವ ದುಡ್ಡು ಅದಕ್ಕೆ. ಕೋಣೆಯ ಹವೆಯ ತೀರ್ಮಾನವೂ ಅದರಲ್ಲೇ ಬರುತ್ತದೆ. ತೇವಾಂಶ ಶೇ. 65-70 ದಾಟಿದರೆ ಬೂಷ್ಟು ಏಳುತ್ತದೆ, ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಅದು 85ರ ಆಸುಪಾಸು ಇರುತ್ತದೆ. ಹಗಲು ಮಾತ್ರ ಏಸಿ ಹಾಕಿ ಸಂಜೆ ಬಂದ್ ಮಾಡಿದರೆ ಗರಿ ದಿನವೂ ಹಿಗ್ಗಿ ಕುಗ್ಗಿ ಬೇಗ ಸೀಳುತ್ತದೆ. ಅದಕ್ಕಿಂತ ಗಾಳಿಯಾಡುವ ಮರದ ಕಪಾಟು, ಬಟ್ಟೆಯ ಸುತ್ತು ವಾಸಿ.

ಈಗ ಖರ್ಚು. 1989ರಲ್ಲಿ ದೆಹಲಿಯಲ್ಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್, ಅಂದರೆ ಈಗ ನೋಯ್ಡಾದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಎರಡು ವರ್ಷ ಓದುವುದಾದರೆ ಶುಲ್ಕ ಒಂದನ್ನೇ ನೋಡಿದರೆ ಸಾಲದು. ಊಟ, ವಸತಿಗೆ ತಿಂಗಳಿಗೆ 15,000 ಎಂದು ಹಿಡಿದರೆ 24 ತಿಂಗಳಿಗೆ 3,60,000 ರೂಪಾಯಿ. ಮಂಗಳೂರಿನಲ್ಲಿ 18,000 ಸಂಬಳದ ಕೆಲಸ ಬಿಟ್ಟು ಹೋಗುವವರು ಕೈತಪ್ಪುವ 4,32,000ವನ್ನೂ ಸೇರಿಸಬೇಕು. ಶುಲ್ಕಕ್ಕೆ ಮೊದಲೇ ಮೊತ್ತ 7,92,000 ಆಯಿತು. ಐದು ಲಕ್ಷ ಸಾಲ, ಶೇ. 10 ಬಡ್ಡಿ, ಏಳು ವರ್ಷ ಅಂದರೆ ಕಂತು ಸುಮಾರು 8,300. ಓದುವಾಗ ಏರುವ ಬಡ್ಡಿ ಇದರಲ್ಲಿ ಸೇರಿಲ್ಲ.

ಆ ಕಂತು ಕಟ್ಟುವಷ್ಟು ಕೆಲಸ ಊರಲ್ಲಿದೆಯೇ? ಸಾಮಗ್ರಿ ಬೇಕಾದಷ್ಟಿದೆ. ಅಷ್ಟಮಠಗಳ ಸುತ್ತ ತುಳು ಲಿಪಿಯ ಗ್ರಂಥಗಳು, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರದ ಮನೆಗಳು, ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಮ್ಯೂಸಿಯಂ. ಕಡಿಮೆಯಿರುವುದು ಕಾಯಂ ಹುದ್ದೆ. ಈ ಕ್ಷೇತ್ರದಲ್ಲಿ ದುಡ್ಡು ಯೋಜನೆ ಯೋಜನೆಯಾಗಿ ಬರುತ್ತದೆ: 2003ರ ರಾಷ್ಟ್ರೀಯ ಹಸ್ತಪ್ರತಿ ಮಿಷನ್, 2025ರ ಬಜೆಟ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿಯೊಂದಿಗೆ ಬಂದ ಜ್ಞಾನ ಭಾರತಂ. ಯೋಜನೆ ಮುಗಿದರೆ ಗುತ್ತಿಗೆಯೂ ಮುಗಿಯುತ್ತದೆ. ಆದ್ದರಿಂದ ಮೈಸೂರು, ಬೆಂಗಳೂರು, ಲಖನೌ ಎಲ್ಲಿಗಾದರೂ ಹೊರಡಲು ತಯಾರಿರುವ, ವಿಜ್ಞಾನ ಓದಿದವರಿಗೆ ಪದವಿಗೆ ಹಾಕಿದ ದುಡ್ಡು ದಕ್ಕುತ್ತದೆ. ಜಿಲ್ಲೆ ಬಿಡಲು ಮನಸ್ಸಿಲ್ಲದವರು ದೊಡ್ಡ ಸಾಲ ಮಾಡುವುದು ಬೇಡ. 1976ರಲ್ಲಿ ಲಖನೌದಲ್ಲಿ ಆರಂಭವಾದ ಎನ್‌ಆರ್‌ಎಲ್‌ಸಿ (ಸಾಂಸ್ಕೃತಿಕ ವಸ್ತುಗಳ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ) ತರಬೇತಿ ಕೊಡುತ್ತದೆ, ಮೈಸೂರಿನಲ್ಲಿ ಅದರ ಪ್ರಾದೇಶಿಕ ಪ್ರಯೋಗಾಲಯವೂ ಇದೆ. ಅಲ್ಲಿ ಕಲಿತು, ಹಸ್ತಪ್ರತಿಯ ಜತೆಗೆ ಡಿಜಿಟಲೀಕರಣ ಸೇರಿಸಿಕೊಂಡರೆ ವರ್ಷವಿಡೀ ಕೆಲಸ ಹೊಂದಿಸಿಕೊಳ್ಳಬಹುದು.

ಒಂದು ಎಚ್ಚರಿಕೆ. ಸಂರಕ್ಷಣೆ ಎಂದರೆ ಎಲ್ಲವೂ ಒಂದೇ ಅಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೊ ಮೊಸ್ಕೆನಿ 1899ರ ಬಳಿಕ ಬಿಡಿಸಿದ ಚಿತ್ರಗಳಲ್ಲೇ ಗೋಡೆಯವು ಗಾರೆಯ ಮೇಲಿನ ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸಿನ ತೈಲವರ್ಣ. ಎರಡಕ್ಕೂ ಬೇರೆ ದ್ರಾವಕ, ಬೇರೆ ಅಪಾಯ, ಬೇರೆ ತಜ್ಞರು. ಓಲೆಗರಿಯಲ್ಲಿ ಪಳಗಿದ ಕೈ ಅಲ್ಲಿ ಹೊಸಬನೇ.

ಅದಕ್ಕೇ ಶುಲ್ಕ ಕಟ್ಟುವ ಮೊದಲು ಸಂಸ್ಥೆಗೆ ಫೋನು ಮಾಡಿ ಕೇಳಿ: ಎರಡು ವರ್ಷದಲ್ಲಿ ನಿಜವಾದ ವಸ್ತುವಿನ ಮೇಲೆ ಎಷ್ಟು ಗಂಟೆ ಕೆಲಸ, ಯಾವ ವಸ್ತು, ಇಂಟರ್ನ್‌ಶಿಪ್ ಎಲ್ಲಿ, ಚಿಕಿತ್ಸಾ ವರದಿಯಲ್ಲಿ ವಿದ್ಯಾರ್ಥಿಯ ಹೆಸರು ಇರುತ್ತದೆಯೇ. ಕೆಲಸ ಕೊಡುವವರು ಅಂಕಪಟ್ಟಿಗಿಂತ ಮೊದಲು ಆ ವರದಿಗಳನ್ನೇ ತೋರಿಸಿ ಅನ್ನುತ್ತಾರೆ.