ಶಿಕಾಗೋ, ಡೆಟ್ರಾಯಿಟ್, ಸಿನ್ಸಿನಾಟಿ: ಹಾಟ್ ಡಾಗ್ ತಿನ್ನಲು ಹೊರಡುವವರಿಗೆ

ಶಿಕಾಗೋದಲ್ಲಿರುವ ಮಕ್ಕಳ ಮನೆಗೋ ನೆಂಟರ ಮನೆಗೋ ಬೇಸಿಗೆಯಲ್ಲಿ ಬರುವ ನಮ್ಮವರು ಸಾಮಾನ್ಯವಾಗಿ ಡೌನ್‌ಟೌನ್ ಸುತ್ತಿ, ನಯಾಗರಾ ನೋಡಿಕೊಂಡು ವಾಪಸ್ಸಾಗುತ್ತಾರೆ. ಅದರ ಜೊತೆಗೆ ಇನ್ನೊಂದು ಸಣ್ಣ ಪ್ರವಾಸಕ್ಕೂ ಜಾಗ ಮಾಡಿಕೊಳ್ಳಿ. ಶಿಕಾಗೋದಿಂದ ಡೆಟ್ರಾಯಿಟ್, ಅಲ್ಲಿಂದ ಸಿನ್ಸಿನಾಟಿ, ಅಲ್ಲಿಂದ ಮತ್ತೆ ಶಿಕಾಗೋ. ಒಂದೊಂದು ದಾರಿಯೂ 260ರಿಂದ 300 ಮೈಲಿ, ಕಾರಿನಲ್ಲಿ ನಾಲ್ಕರಿಂದ ಐದು ಗಂಟೆ. ಮೂರೂ ಊರಿನಲ್ಲಿ ಹಾಟ್ ಡಾಗ್ ಸಿಗುತ್ತದೆ, ಮೂರೂ ಕಡೆ ಬೇರೆ ಬೇರೆ ಥರ. ಮೆತ್ತನೆಯ ಬನ್, ಒಳಗೊಂದು ಸಾಸೇಜ್, ಇಷ್ಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಊರಿನ ಗುರುತು ಇರುವುದು ಮೇಲೆ ಹಾಕುವ ಸಾಮಾನಿನಲ್ಲಿ. ಆದ್ದರಿಂದ ನನ್ನ ಸಲಹೆ ಒಂದೇ: ಮೊದಲ ಸಲ ತಿನ್ನುವಾಗ ಏನನ್ನೂ ಬೇಡ ಅನ್ನಬೇಡಿ, ಏನನ್ನೂ ಸೇರಿಸಬೇಡಿ. ಆ ಊರಿನವರು ತಿನ್ನುವ ಹಾಗೇ ತಿನ್ನಿ.

ಹೊರಡುವ ಮುಂಚೆ ಮಾಂಸದ ವಿಷಯ ಹೇಳಿಬಿಡುತ್ತೇನೆ, ನಮ್ಮಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಶಿಕಾಗೋದಲ್ಲಿ 'ಆಲ್ ಬೀಫ್' ಅಂತ ಬೋರ್ಡಿನಲ್ಲೇ ಹೆಮ್ಮೆಯಿಂದ ಬರೆದಿರುತ್ತಾರೆ. ಅಂದರೆ ಪೂರ್ತಿ ದನದ ಮಾಂಸ. ಡೆಟ್ರಾಯಿಟ್ ಕಡೆ ದನ ಮತ್ತು ಹಂದಿ ಬೆರೆತಿರುವುದು ಮಾಮೂಲು. ಅಲ್ಲಿ ಮತ್ತು ಸಿನ್ಸಿನಾಟಿಯಲ್ಲಿ ಮೇಲೆ ಸುರಿಯುವ ಚಿಲಿ ಅನ್ನುವ ಗೊಜ್ಜು ಕೂಡ ಮಾಂಸದ್ದೇ. 'ಚಿಲಿ' ಅಂದ ತಕ್ಷಣ ಮೆಣಸಿನಕಾಯಿ ಚಟ್ನಿ ಅಂದುಕೊಂಡು ಸಸ್ಯಾಹಾರಿಗಳು ಆರ್ಡರ್ ಮಾಡಬಾರದು. ಫ್ರೆಂಚ್ ಫ್ರೈಸ್ ಬಗ್ಗೆಯೂ ಒಂದು ಮಾತು ಕೇಳಿಕೊಳ್ಳಿ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ನನ್ನ ಹೆಂಡತಿ ಸಸ್ಯಾಹಾರಿ. ಆಕೆಗೆ ಎಲ್ಲೆಲ್ಲಿ ಏನು ಸಿಕ್ಕಿತು ಅನ್ನುವುದನ್ನೂ ಹೇಳುತ್ತಾ ಹೋಗುತ್ತೇನೆ.

ಶಿಕಾಗೋಗೆ ಜಾಸ್ತಿ ಸಮಯ ಕೊಡಿ. ಇಲ್ಲಿನ ಹಾಟ್ ಡಾಗ್ ಒಂದು ಪೂರ್ತಿ ಊಟ. ಬನ್ ಮೇಲೆ ಗಸಗಸೆ ಅಂಟಿರುತ್ತದೆ, ನಮ್ಮ ಬಿಳಿ ಗಸಗಸೆಯಲ್ಲ, ನೀಲಿಗಪ್ಪು ಬಣ್ಣದ್ದು. ಅಂಗಡಿಯವನು ಹಬೆಯ ಪೆಟ್ಟಿಗೆಯಿಂದ ಬನ್ ತೆಗೆದು ಅಂಗೈಯಲ್ಲಿ ಬಿಡಿಸಿ ಹಿಡಿಯುತ್ತಾನೆ. ಬಿಸಿನೀರಿನಿಂದ ಎತ್ತಿದ ಸಾಸೇಜ್ ಒಳಗಿಟ್ಟು ಅದರ ಮೇಲೆ ಹಳದಿ ಸಾಸಿವೆಯ ಒಂದು ಗೆರೆ ಎಳೆಯುತ್ತಾನೆ. ಆಮೇಲೆ ರೆಲಿಶ್, ಅಂದರೆ ಸೌತೆಕಾಯಿಯ ಸಿಹಿ ಉಪ್ಪಿನಕಾಯಿಯನ್ನು ಸಣ್ಣಗೆ ಕೊಚ್ಚಿದ್ದು. ಅದರ ಹಸಿರು ಎಷ್ಟು ಗಾಢ ಅಂದರೆ ಕಣ್ಣಿಗೆ ಹೊಡೆಯುತ್ತದೆ, ಬಣ್ಣ ಸೇರಿಸಿಯೇ ಹಾಗೆ ಮಾಡುವುದು. ಅದರ ಮೇಲೆ ಕೊಚ್ಚಿದ ಬಿಳಿ ಈರುಳ್ಳಿ. ಒಂದು ಬದಿಗೆ ಟೊಮೆಟೊ ಹೋಳುಗಳು, ಇನ್ನೊಂದು ಬದಿಗೆ ಉದ್ದಕ್ಕೆ ಸೀಳಿದ ಡಿಲ್ ಪಿಕಲ್, ಅಂದರೆ ಸಬ್ಬಸಿಗೆ ಹಾಕಿದ ಸೌತೆಕಾಯಿಯ ಹುಳಿ ಉಪ್ಪಿನಕಾಯಿ. ಮೇಲೆ ಎರಡು ಸ್ಪೋರ್ಟ್ ಪೆಪರ್. ಇದು ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಹಸಿಮೆಣಸಿನಕಾಯಿ, ನಮ್ಮ ನಾಲಿಗೆಗೆ ಖಾರ ಹದವಾಗಿಯೇ ಇರುತ್ತದೆ. ಕೊನೆಗೆ ಸೆಲೆರಿ ಸಾಲ್ಟ್, ಸೆಲೆರಿ ಬೀಜದ ಪುಡಿ ಬೆರೆಸಿದ ಉಪ್ಪು. ಅದರ ಘಮ ನಮ್ಮ ಓಮದ ಹಾಗೆ. ಆ ಒಂದು ಚಿಟಿಕೆ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಸಲಾಡ್ ಅನ್ನಿಸುತ್ತದೆ. ಕೌಂಟರಿನಲ್ಲಿ 'ಎವ್ರಿಥಿಂಗ್' ಅಂದರೆ ಸಾಕು, ಈ ಏಳೂ ಬರುತ್ತವೆ.

ಕೆಚಪ್ ಮಾತ್ರ ಕೇಳಬೇಡಿ. ಇದನ್ನು ತಮಾಷೆ ಅಂದುಕೊಳ್ಳುವವರಿದ್ದಾರೆ, ನನಗೆ ಇದರಲ್ಲಿ ಅರ್ಥ ಕಾಣುತ್ತದೆ. ಟೊಮೆಟೊ ಆಗಲೇ ಇದೆ, ಸಿಹಿ ರೆಲಿಶ್‌ನಲ್ಲಿದೆ, ಹುಳಿ ಪಿಕಲ್‌ನಲ್ಲಿದೆ. ಕೆಚಪ್ ಬಿದ್ದರೆ ಎಲ್ಲವನ್ನೂ ಅದರ ಸಿಹಿಯೇ ನುಂಗಿಬಿಡುತ್ತದೆ. ಊರಿನವರ ಹಟ ಎಷ್ಟರಮಟ್ಟಿಗೆ ಇದೆಯೆಂದರೆ, 2017ರಲ್ಲಿ ಹೈನ್ಜ್ ಕಂಪನಿ ತನ್ನ ಕೆಚಪ್ಪನ್ನೇ ಬಾಟಲಿಗೆ ತುಂಬಿ 'ಶಿಕಾಗೋ ಡಾಗ್ ಸಾಸ್' ಅಂತ ಹೆಸರಿಟ್ಟು ಇಲ್ಲಿನವರ ಮನ ಒಲಿಸಲು ನೋಡಿತು. ಚಿಕ್ಕ ಮಕ್ಕಳಿಗೆ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ.

ಇಷ್ಟೊಂದು ತರಕಾರಿ ಹೇಗೆ ಬಂತು? ಈ ಊರಿನ ಹೆಸರಾಂತ ಸಾಸೇಜ್ ಕಂಪನಿ ವಿಯೆನ್ನಾ ಬೀಫ್ ಶುರುವಾದದ್ದು 1893ರ ವಿಶ್ವ ಮೇಳದಲ್ಲಿ, ಆಸ್ಟ್ರಿಯಾ-ಹಂಗೇರಿಯಿಂದ ಬಂದ ಇಬ್ಬರಿಂದ. ಆಮೇಲೆ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ ಯಹೂದಿಗಳು, ಇಟಲಿಯವರು, ಗ್ರೀಕರು ಅಕ್ಕಪಕ್ಕ ವ್ಯಾಪಾರ ಮಾಡಿದರು. 1930ರ ದಶಕದ ಕಷ್ಟದ ದಿನಗಳಲ್ಲಿ ಐದು ಸೆಂಟಿಗೆ ಹೊಟ್ಟೆ ತುಂಬಬೇಕಿತ್ತು, ತರಕಾರಿ ಅಗ್ಗವಾಗಿ ಸಿಗುತ್ತಿತ್ತು, ಅದನ್ನೇ ಪೇರಿಸಿದರು ಎಂದು ಹೇಳುತ್ತಾರೆ. ತಿನ್ನುವಾಗ ಇದು ನಿಜವೆಂದೇ ಅನ್ನಿಸುತ್ತದೆ. ಸಾಸೇಜಿಗಿಂತ ತರಕಾರಿಯೇ ಜಾಸ್ತಿ ಬಾಯಿಗೆ ಬರುತ್ತದೆ.

ಎಲ್ಲಿಗೆ ಹೋಗಬೇಕು? ನನ್ನ ಮೊದಲ ಆಯ್ಕೆ ಸೂಪರ್‌ಡಾಗ್. ಮಿಲ್ವಾಕೀ ಅವೆನ್ಯೂ ಮತ್ತು ಡೆವನ್ ಸೇರುವ ಮೂಲೆಯಲ್ಲಿದೆ. ನಮ್ಮ ದೇಶದ ಅಂಗಡಿಗಳಿರುವ ಡೆವನ್ ಇದೇ ರಸ್ತೆ, ಅಲ್ಲಿಂದ ಸುಮ್ನೆ ಪಶ್ಚಿಮಕ್ಕೆ ಹೋಗುತ್ತಾ ಇರಿ. ಸೀರೆ, ಸಾಂಬಾರ್ ಪುಡಿ ಕೊಳ್ಳಲು ಹೇಗೂ ಹೋಗಿರುತ್ತೀರಲ್ವಾ, ಜೊತೆಗೇ ಮುಗಿಸಿಕೊಳ್ಳಬಹುದು. ಮೌರಿ ಮತ್ತು ಫ್ಲೌರಿ ಬರ್ಮನ್ ದಂಪತಿ 1948ರಲ್ಲಿ ಶುರು ಮಾಡಿದ ಜಾಗ ಇದು, ಈಗಲೂ ಅವರ ಮನೆಯವರೇ ನಡೆಸುತ್ತಾರೆ. ಮಾಡಿನ ಮೇಲೆ ಗಂಡು ಹೆಣ್ಣು ಹಾಟ್ ಡಾಗ್ ಬೊಂಬೆಗಳು ನಿಂತಿವೆ, ಮಕ್ಕಳಿಗಂತೂ ಹಬ್ಬ. ಕಾರಿನಲ್ಲೇ ಕೂತು ಆರ್ಡರ್ ಮಾಡಿದರೆ ತಟ್ಟೆಯನ್ನು ಕಿಟಕಿಗೆ ಸಿಕ್ಕಿಸಿ ಹೋಗುತ್ತಾರೆ. ಪೆಟ್ಟಿಗೆಯ ಒಳಗೆ ಹಾಟ್ ಡಾಗ್, ಸುತ್ತ ಫ್ರೈಸ್. ಇಲ್ಲಿ ಕೆಂಪು ಟೊಮೆಟೊ ಬದಲು ಉಪ್ಪಿನಲ್ಲಿ ಹಾಕಿದ ಹಸಿರು ಟೊಮೆಟೊ ಬರುತ್ತದೆ, ಅದನ್ನು ಬಿಡಬೇಡಿ.

ಎರಡನೆಯದು ರಿವರ್ ಗ್ರೋವ್‌ನ ಜೀನ್ ಅಂಡ್ ಜೂಡ್ಸ್, 1946ರಿಂದ ಇದೆ. ಓ'ಹೇರ್ ವಿಮಾನ ನಿಲ್ದಾಣಕ್ಕೆ ಹತ್ತಿರ. ಕೂರಲು ಕುರ್ಚಿ ಇಲ್ಲ, ಅಂಗಡಿಯಲ್ಲಿ ಕೆಚಪ್ ಬಾಟಲಿಯೇ ಇಲ್ಲ. ಸಾಸಿವೆ, ರೆಲಿಶ್, ಈರುಳ್ಳಿ, ಮೆಣಸಿನಕಾಯಿ, ಅಷ್ಟೇ. ಅದರ ಮೇಲೆ ಆಗಷ್ಟೇ ಕರಿದ ಆಲೂಗಡ್ಡೆ ಒಂದು ಹಿಡಿ ಸುರಿದು, ಎಲ್ಲ ಸೇರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಸಾಲು ಉದ್ದ ಇದ್ದರೂ ಬೇಗ ಸಾಗುತ್ತದೆ. ಇಂಥ ಹಳೆಯ ಅಂಗಡಿಗಳಿಗೆ ಹೋಗುವಾಗ ಜೇಬಿನಲ್ಲಿ ಸ್ವಲ್ಪ ಕ್ಯಾಶ್ ಇರಲಿ.

ಸಸ್ಯಾಹಾರಿಗಳಿಗೆ ಮೂರೂ ಊರಿನಲ್ಲಿ ಶಿಕಾಗೋನೇ ಒಳ್ಳೆಯದು. ಪೋರ್ಟಿಲೋಸ್ ಅನ್ನುವ ಸ್ಥಳೀಯ ಸರಣಿ 2022ರಲ್ಲಿ 'ಗಾರ್ಡನ್ ಡಾಗ್' ಅಂತ ಮಾಂಸವಿಲ್ಲದ ಹಾಟ್ ಡಾಗ್ ಶುರು ಮಾಡಿತು, ಹೋಗುವ ಮುಂಚೆ ಮೆನುವಿನಲ್ಲಿ ಒಂದು ಸಲ ನೋಡಿಕೊಳ್ಳಿ. ಅದು ಸಿಗದ ಕಡೆ ನನ್ನ ಹೆಂಡತಿ 'ಸಾಸೇಜ್ ಬೇಡ, ಉಳಿದದ್ದೆಲ್ಲ ಹಾಕಿ' ಅಂದಳು. ಅಂಗಡಿಯ ಹುಡುಗ ಒಂದು ಕ್ಷಣ ಅವಳ ಮುಖ ನೋಡಿ, ಟೊಮೆಟೊ, ಪಿಕಲ್ ಒಂದೊಂದು ಜಾಸ್ತಿ ಇಟ್ಟುಕೊಟ್ಟ. ಗಸಗಸೆ ಬನ್, ಸಾಸಿವೆ, ಈರುಳ್ಳಿ, ಮೆಣಸಿನಕಾಯಿ, ಸೆಲೆರಿ ಉಪ್ಪು. ನಾನೂ ಒಂದು ತುತ್ತು ತಿಂದೆ, ನಿಜಕ್ಕೂ ಚೆನ್ನಾಗಿತ್ತು. ಶಿಕಾಗೋದ ರುಚಿಯಲ್ಲಿ ಮುಕ್ಕಾಲು ಪಾಲು ಮೇಲಿನ ಸಾಮಾನಿನದೇ ಅನ್ನುವುದು ನನಗೆ ಗಟ್ಟಿಯಾದದ್ದು ಅಲ್ಲೇ.

ಡೆಟ್ರಾಯಿಟ್‌ಗೆ ಐ-94 ಹೆದ್ದಾರಿ ಹಿಡಿದು ಹೋಗಿ. ಐ-90 ಮೇಲಿನ ಸ್ಕೈವೇ ಟೋಲ್ ರಸ್ತೆ. ಬಾಡಿಗೆ ಕಾರಾದರೆ ಟೋಲ್ ಹಣ ಹೇಗೆ ಕಡಿತವಾಗುತ್ತದೆ, ಅದರ ಮೇಲೆ ದಿನದ ಶುಲ್ಕ ಏನಾದರೂ ಇದೆಯಾ ಅಂತ ಕಾರು ತೆಗೆದುಕೊಳ್ಳುವಾಗಲೇ ಕೇಳಿ. ಮಿಶಿಗನ್‌ಗೆ ಬಂದ ಮೇಲೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಮಧ್ಯಾಹ್ನದ ಊಟಕ್ಕೆ ತಲುಪಬೇಕು ಅಂದುಕೊಂಡವರು ಈ ಲೆಕ್ಕ ಮರೆಯಬಾರದು. ಚಳಿಗಾಲದಲ್ಲಿ ಈ ದಾರಿ ಬೇಡ. ಮಿಶಿಗನ್ ಸರೋವರದ ಕಡೆಯಿಂದ ಹಿಮ ಇದ್ದಕ್ಕಿದ್ದಂತೆ ಸುರಿಯುತ್ತದೆ, ಮುಂದಿನ ಗಾಡಿ ಕಾಣುವುದಿಲ್ಲ.

ಡೆಟ್ರಾಯಿಟ್‌ನಲ್ಲಿ ಹಾಟ್ ಡಾಗ್ ಅನ್ನುವುದಿಲ್ಲ, 'ಕೋನಿ' ಅನ್ನುತ್ತಾರೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಹೆಸರನ್ನು ಇಲ್ಲಿಗೆ ತಂದವರು ವಲಸೆ ಬಂದ ಗ್ರೀಕರು, ಮ್ಯಾಸಿಡೋನಿಯಾದವರು. ತಿಂಡಿ ಮಾತ್ರ ಪೂರ್ತಿ ಮಿಶಿಗನ್‌ದೇ. ಡೌನ್‌ಟೌನ್‌ನಲ್ಲಿ ಅಮೆರಿಕನ್ ಕೋನಿ ಐಲ್ಯಾಂಡ್ ಮತ್ತು ಲಫಯೆಟ್ ಕೋನಿ ಐಲ್ಯಾಂಡ್ ಅಂತ ಎರಡು ಅಂಗಡಿಗಳು ಗೋಡೆಗೆ ಗೋಡೆ ತಾಗಿ ನಿಂತಿವೆ. ಅಮೆರಿಕನ್ ಅನ್ನು ಗಸ್ಟ್ ಕೆರೋಸ್ 1917ರಲ್ಲಿ ತೆರೆದ, ಪಕ್ಕದ್ದು ಅವನ ತಮ್ಮನದಾಗಿತ್ತು. ಯಾವುದು ಮೇಲು ಅಂತ ಊರು ಎರಡು ಪಕ್ಷವಾಗಿದೆ. ಎರಡರಲ್ಲೂ ಒಂದೊಂದು ತಿನ್ನಿ. ನಾಲ್ಕು ಜನ ಇದ್ದರೆ ಎರಡು ತರಿಸಿ ಅರ್ಧರ್ಧ ಹಂಚಿಕೊಂಡು, ಎದ್ದು ಪಕ್ಕದ ಬಾಗಿಲಿಗೆ ಹೋಗಿ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಸಂಕೋಚ ಬೇಡ.

ಕೋನಿಯಲ್ಲಿ ಇರುವುದು ಮೂರೇ: ಕಾಳು ಹಾಕದ ಮಾಂಸದ ಚಿಲಿ, ಹಳದಿ ಸಾಸಿವೆ, ಕೊಚ್ಚಿದ ಹಸಿ ಈರುಳ್ಳಿ. ಚಿಲಿ ತೆಳ್ಳಗೆ ಹರಿಯುತ್ತದೆ, ಜೀರಿಗೆಯ ವಾಸನೆ ಮೂಗಿಗೆ ಸಿಗುತ್ತದೆ. ಸಾಸೇಜಿನ ಹೊರಪದರ ಸಹಜ ಕರುಳಿನದು, ಹಲ್ಲಿಟ್ಟರೆ ಕಟಕ್ ಅನ್ನುತ್ತದೆ. ಮೆತ್ತಗಿನ ಬನ್, ಮೆತ್ತಗಿನ ಚಿಲಿ, ನಡುವೆ ಆ ಕಟಕ್. ಈರುಳ್ಳಿಯ ಘಾಟು ಚಿಲಿಯ ಜಿಡ್ಡನ್ನು ಕತ್ತರಿಸುತ್ತದೆ, ಈರುಳ್ಳಿ ಬೇಡ ಅಂದವರಿಗೆ ಎರಡನೇ ತುತ್ತಿಗೇ ಮುಖ ಕಟ್ಟುತ್ತದೆ. ಕೈಯಲ್ಲಿ ಹಿಡಿದರೆ ಸೋರುತ್ತದೆ, ಫೋರ್ಕ್ ಕೇಳಿ. ಲಫಯೆಟ್‌ನಲ್ಲಿ ಬಡಿಸುವವರು ಒಂದೇ ತೋಳಿನ ಉದ್ದಕ್ಕೂ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಬರುತ್ತಾರೆ, ಕೂತಲ್ಲಿಂದ ಅದನ್ನೇ ನೋಡುತ್ತಾ ಇರಬಹುದು. ಕುಡಿಯಲು ಡೆಟ್ರಾಯಿಟ್‌ದೇ ಆದ ವರ್ನರ್ಸ್ ತಗೊಳ್ಳಿ. ಶುಂಠಿಯ ಪಾನೀಯ, ಗುಳ್ಳೆ ಗಂಟಲಿಗೆ ಚುರುಕ್ ಅನ್ನುತ್ತದೆ. ಸಸ್ಯಾಹಾರಿಗಳಿಗೆ ಇಲ್ಲಿ ಫ್ರೈಸ್ ಬಿಟ್ಟು ಹೇಳಿಕೊಳ್ಳುವಂಥದ್ದು ಕಡಿಮೆ. ಅವರಿಗೆ ಮುಂಚೆಯೇ ಹೇಳಿ, ಟ್ರಾಯ್ ಅಥವಾ ಫಾರ್ಮಿಂಗ್ಟನ್ ಹಿಲ್ಸ್ ಕಡೆ ದೋಸೆ ಊಟ ಇಟ್ಟುಕೊಳ್ಳಿ. ನಾವು ಹಾಗೇ ಮಾಡಿದೆವು.

ಆಸಕ್ತಿ ಜಾಸ್ತಿ ಇದ್ದವರು ಉತ್ತರಕ್ಕೆ ಒಂದು ಗಂಟೆ ದೂರದ ಫ್ಲಿಂಟ್‌ಗೂ ಹೋಗಿ ಬರಬಹುದು. ಅಲ್ಲಿನ ಕೋನಿಯ ಮಾಂಸ ಒಣಗಿದ ಹಾಗೆ ಉದುರು ಉದುರು, ಸಾಸೇಜ್ 1916ರಿಂದ ಅಲ್ಲೇ ನಡೆಯುತ್ತಿರುವ ಕೀಗಲ್ ಕಂಪನಿಯದು. ಸಮಯ ಕಡಿಮೆ ಇದ್ದರೆ ಬಿಟ್ಟುಬಿಡಿ.

ಡೆಟ್ರಾಯಿಟ್‌ನಿಂದ ದಕ್ಷಿಣಕ್ಕೆ ಐ-75ರಲ್ಲಿ ಒಂದು ಗಂಟೆ ಬಂದರೆ ಟೊಲೀಡೊ. ಇಲ್ಲಿ ಟೋನಿ ಪ್ಯಾಕೋಸ್ ಅಂತ ಹಂಗೇರಿ ಮೂಲದವರ ಹೋಟೆಲ್, 1932ರದ್ದು. ಹಂಗೇರಿಯ ದಪ್ಪ ಸಾಸೇಜನ್ನು ಉದ್ದಕ್ಕೆ ಸೀಳಿ, ಒಂದು ಹೋಳಿಗೆ ಖಾರದ ಚಿಲಿ ಹಾಕಿ ಕೊಡುತ್ತಾರೆ. ಗೋಡೆಯ ತುಂಬ ಹೆಸರುವಾಸಿಗಳು ಸಹಿ ಹಾಕಿದ ಬನ್ನುಗಳು. 1972ರಲ್ಲಿ ನಟ ಬರ್ಟ್ ರೆನಾಲ್ಡ್ಸ್ ಒಂದರ ಮೇಲೆ ಸಹಿ ಹಾಕಿದ್ದರಿಂದ ಈ ಪದ್ಧತಿ ಶುರುವಾಯಿತು. ಕಾಲು ಚಾಚಿಕೊಳ್ಳಲು ಹೇಗೂ ನಿಲ್ಲಬೇಕಲ್ಲ, ಇಲ್ಲೇ ನಿಲ್ಲಿ.

ಸಿನ್ಸಿನಾಟಿಯ ಚಿಲಿ ನಮ್ಮವರಿಗೆ ಬೇಗ ಹಿಡಿಸುತ್ತದೆ ಅಂತ ನನ್ನ ನಂಬಿಕೆ. ಅದರಲ್ಲಿ ಚಕ್ಕೆ ಇದೆ, ಲವಂಗ ಇದೆ. ಬಾಗಿಲು ತೆಗೆದಾಗಲೇ ಗೊತ್ತಾಗುತ್ತದೆ. ಮ್ಯಾಸಿಡೋನಿಯಾದಿಂದ ಬಂದ ಕಿರಾಜೀಫ್ ಅಣ್ಣತಮ್ಮಂದಿರು 1922ರಲ್ಲಿ ಎಂಪ್ರೆಸ್ ನಾಟಕಶಾಲೆಯ ಪಕ್ಕದಲ್ಲಿ ಇದನ್ನು ಮಾಡಿ ಮಾರಲು ಶುರು ಮಾಡಿದರು. ಮಾಂಸವನ್ನು ಹುರಿಯದೆ ನೀರಿನಲ್ಲೇ ಕದಡಿ ಬಹಳ ಹೊತ್ತು ಕುದಿಸುವುದರಿಂದ ಅದು ನುಣ್ಣಗೆ, ಸಾರಿನಷ್ಟು ತೆಳ್ಳಗೆ ಬರುತ್ತದೆ. 'ಚೀಸ್ ಕೋನಿ' ಕೇಳಿ. ಗಿಡ್ಡ ಬನ್, ಸಾಸೇಜ್, ಸಾಸಿವೆ, ಚಿಲಿ, ಈರುಳ್ಳಿ, ಅದರ ಮೇಲೆ ಕೂದಲೆಳೆಯ ಹಾಗೆ ತುರಿದ ಹಳದಿ ಚೆಡ್ಡಾರ್ ಚೀಸ್. ಚೀಸ್ ಎಷ್ಟು ಅಂದರೆ ಕೆಳಗಿನ ಬನ್ ಕಾಣುವುದಿಲ್ಲ. ಬಂದ ತಕ್ಷಣ ಬಾಯಿಗೆ ಹಾಕಬೇಡಿ. ಒಂದು ನಿಮಿಷ ಬಿಟ್ಟರೆ ಕೆಳಪದರದ ಚೀಸ್ ಕರಗಿ ಚಿಲಿಗೆ ಅಂಟಿಕೊಳ್ಳುತ್ತದೆ, ಮೇಲಿನದು ಹಾಗೇ ತಣ್ಣಗೆ ಉಳಿಯುತ್ತದೆ. ಆಗ ತಿನ್ನಬೇಕು.

ಸ್ಕೈಲೈನ್ 1949ರಲ್ಲಿ ಗ್ರೀಸ್‌ನಿಂದ ಬಂದ ನಿಕೊಲಸ್ ಲ್ಯಾಂಬ್ರಿನಿಡಿಸ್ ಶುರು ಮಾಡಿದ ಸರಣಿ, ಊರಿನ ಎಲ್ಲ ಕಡೆ ಸಿಗುತ್ತದೆ. ಅಲ್ಲಿ ಮಾಂಸದ ಚಿಲಿ ಬದಲು ಕಪ್ಪು ಬೀನ್ಸ್ ಕಾಳು ಮತ್ತು ಅನ್ನ ಹಾಕಿಸಿಕೊಳ್ಳಬಹುದು. ನನ್ನ ಹೆಂಡತಿ ಅದನ್ನು ಸ್ಪಾಗೆಟಿ ಮೇಲೆ ಹಾಕಿಸಿಕೊಂಡು, ಚೀಸ್ ಪೇರಿಸಿ, ಹಾಟ್ ಸಾಸ್ ಸುರಿದು ತಿಂದಳು. ಹಳೆಯ ವಾತಾವರಣ ಬೇಕೆಂದರೆ 1940ರಿಂದ ಇರುವ ಕ್ಯಾಂಪ್ ವಾಷಿಂಗ್ಟನ್ ಚಿಲಿ. ರಾತ್ರಿಯೆಲ್ಲ ತೆರೆದಿಡುವ ಅಂಗಡಿ ಅಂತಲೇ ಅದಕ್ಕೆ ಹೆಸರು. ಆದರೆ ಭಾನುವಾರ ರಜೆ. ವಾರಾಂತ್ಯದ ಪ್ರವಾಸಕ್ಕೆ ಇದೇ ಮುಖ್ಯ ತೊಡಕು, ಆದ್ದರಿಂದ ಶನಿವಾರ ರಾತ್ರಿಯೇ ಸಿನ್ಸಿನಾಟಿ ತಲುಪುವಂತೆ ದಿನ ಜೋಡಿಸಿಕೊಳ್ಳಿ. ಗುರುವಾರ ಶಿಕಾಗೋ, ಶುಕ್ರವಾರ ಡೆಟ್ರಾಯಿಟ್, ಶನಿವಾರ ಟೊಲೀಡೊ ದಾಟಿ ಸಿನ್ಸಿನಾಟಿ ಆದರೆ ಆರಾಮ.

ತಿನ್ನುವುದರಲ್ಲೂ ಲೆಕ್ಕ ಇರಲಿ. ಇವೆಲ್ಲ ಉಪ್ಪು ಜಾಸ್ತಿ ಇರುವ ಪದಾರ್ಥಗಳು. ಬಿಪಿ ಇರುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋದರೆ ದಿನಕ್ಕೆ ಅರ್ಧ ಸಾಕು. ಜೊತೆಗೆ ಮೊಸರನ್ನದ ಡಬ್ಬಿ ಇಟ್ಟುಕೊಳ್ಳಿ, ಐಸ್ ಪೆಟ್ಟಿಗೆಯಲ್ಲಿ ಕೆಡುವುದಿಲ್ಲ. ಚಿಕ್ಕ ಮಕ್ಕಳಿಗೆ ಸಾಸೇಜನ್ನು ದುಂಡಗೆ ಕತ್ತರಿಸಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ, ಆಮೇಲೆ ಸಣ್ಣಗೆ ಹೆಚ್ಚಿ.

ದೇಶದ ಬೇರೆ ಮೂಲೆಯಲ್ಲಿ ಇರುವವರು ಈ ತ್ರಿಕೋನಕ್ಕಾಗಿ ವಿಮಾನ ಹತ್ತಲೇಬೇಕು ಅಂತಿಲ್ಲ. ನ್ಯೂಯಾರ್ಕಿನಲ್ಲಿ ತಳ್ಳುಗಾಡಿಯ ಮುಂದೆ ನಿಂತು ಕಂದು ಸಾಸಿವೆ, ಹುಳಿ ಬಂದ ಕೋಸು, ಟೊಮೆಟೊ ಸಾಸ್‌ನಲ್ಲಿ ಬೆಂದ ಈರುಳ್ಳಿ ಹಾಕಿಸಿಕೊಳ್ಳಿ. ಅರಿಜೋನಾ ಕಡೆ ಇದ್ದರೆ ಟೂಸಾನ್‌ಗೆ ಹೋಗಿ. ಮೆಕ್ಸಿಕೋದ ಸೊನೋರಾದಿಂದ ಬಂದ ಹಾಟ್ ಡಾಗ್ ಅಲ್ಲಿದೆ. ಸಾಸೇಜಿಗೆ ಬೇಕನ್, ಅಂದರೆ ಹಂದಿಮಾಂಸದ ತೆಳು ಪಟ್ಟಿ, ಸುತ್ತಿ ಸುಟ್ಟು, ದೋಣಿಯಂಥ ಮೆತ್ತನೆಯ ಬನ್ನಿನಲ್ಲಿಟ್ಟು, ಬೇಯಿಸಿದ ಪಿಂಟೊ ಕಾಳು, ಟೊಮೆಟೊ, ಈರುಳ್ಳಿ, ಮೇಯನೇಸ್, ಹಲಪೆನ್ಯೊ ಸಾಸ್ ಎಲ್ಲ ಹಾಕುತ್ತಾರೆ, ಪಕ್ಕದಲ್ಲಿ ಸುಟ್ಟ ಮೆಣಸಿನಕಾಯಿ. ಅಲ್ಲಿನ ಎಲ್ ಗ್ವೆರೋ ಕನೇಲೋ ಅನ್ನುವ ಅಂಗಡಿಗೆ 2018ರಲ್ಲಿ, ಹೋಟೆಲು ಅಡುಗೆಯವರನ್ನು ಗೌರವಿಸುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಅಮೆರಿಕಾಸ್ ಕ್ಲಾಸಿಕ್ಸ್ ಪ್ರಶಸ್ತಿ ಬಂದಿದೆ. ಖಾರ ಇಷ್ಟಪಡುವವರು ಅಲ್ಲಿಂದಲೇ ಶುರು ಮಾಡಲಿ.

ಸಿನ್ಸಿನಾಟಿಯಿಂದ ಶಿಕಾಗೋಗೆ ಐ-74, ಆಮೇಲೆ ಇಂಡಿಯಾನಾಪೊಲಿಸ್‌ನಿಂದ ಐ-65. ಹೋಗುವಾಗ ಕಳೆದುಕೊಂಡ ಒಂದು ಗಂಟೆ ಈ ದಾರಿಯಲ್ಲಿ ವಾಪಸ್ ಸಿಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಶಿಕಾಗೋದ ಮಧ್ಯಾಹ್ನದ ಊಟದ ಹೊತ್ತಿಗೆ ಸಲೀಸಾಗಿ ತಲುಪಬಹುದು.