ಕಾಯಲಿನಲ್ಲಿ ಹಾಯಿದೋಣಿ: ಇಲ್ಲಿಯವರೆಗೆ ಆದದ್ದು

ಈಗಿನ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಅಡ್ಡ ಗಾಳಿಯಿದ್ದರೆ ದೋಣಿಯನ್ನು ಒಬ್ಬನೇ ತೆಗೆದುಕೊಂಡು ಹೋಗಿ ವಾಪಸು ತರುತ್ತೇನೆ. ಎದುರು ಗಾಳಿಯಲ್ಲೂ ಓರೆಓರೆಯಾಗಿ ಮುಂದೆ ಸಾಗುತ್ತೇನೆ, ನಿಧಾನವಾಗಿ. ಬೆನ್ನ ಹಿಂದಿನಿಂದ ಗಾಳಿ ಬರುವಾಗ ಹಾಯಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟಿಸುವುದು, ಅದೇ ಜೈಬ್ ಅಂತಾರಲ್ಲ, ಅದು ಇನ್ನೂ ಕೈಗೆ ಹತ್ತಿಲ್ಲ.

ಜಾಗ ವಲಿಯಪರಂಬ. ಕಾಸರಗೋಡು ಜಿಲ್ಲೆಯ ತೆಂಕು ತುದಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಕಾಯಲ್ ಎಂಬ ಹಿನ್ನೀರು, ಎರಡರ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ದ್ವೀಪ. ಕಾಸರಗೋಡಿನಲ್ಲಿ ರೈಲು ಹತ್ತಿ ಚೆರುವತ್ತೂರಿನಲ್ಲಿ ಇಳಿದರೆ ಹತ್ತಿರ. ನಾನು ಬದಿಯಡ್ಕ ಕಡೆಯವನು. ನಮಗೆ ನೀರು ಎಂದರೆ ಸುರಂಗದಲ್ಲಿ ಜಿನುಗುವುದು, ತೋಟದ ಕೆರೆಯಲ್ಲಿ ನಿಲ್ಲುವುದು. ಈಜು ಬರುತ್ತದೆ, ಅಷ್ಟೇ. ಅಕ್ಕ-ಭಾವ ಮಸ್ಕತ್‌ನಿಂದ ವಾಪಸು ಬಂದ ಮೇಲೆ ಇಲ್ಲಿ ಕಾಯಲ್ ಬದಿಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದಾರೆ. ಭಾವ ಹಾಯಿದೋಣಿ ಕಲಿತದ್ದು ಅಲ್ಲಿ. ಇಲ್ಲಿಗೆ ಬಂದವರೇ ಒಂದು ಹಳೇ ಲೇಸರ್ ದೋಣಿ ಕೊಂಡುಕೊಂಡರು. ಅಂಗಳದಲ್ಲಿ ಅಡಿಕೆ ಒಣಗುತ್ತಿರುವ ಕಾಲದಲ್ಲಿ ದೋಣಿ ಆಡಲು ಹೊರಟದ್ದಕ್ಕೆ ನಮ್ಮ ಮನೆಯಲ್ಲಿ ಏನು ಹೇಳಿದರು ಎಂಬುದು ಬೇಡ.

ಡಿಸೆಂಬರ್ ಕೊನೆ

ಲೇಸರ್ ಒಬ್ಬರ ದೋಣಿ. ಉದ್ದ ಸುಮಾರು 4.2 ಮೀಟರ್, ಬರೀ ಒಡಲಿನ ತೂಕ 60 ಕಿಲೋ ಹತ್ತಿರ. ಕೆನಡಾದ ಬ್ರೂಸ್ ಕರ್ಬಿ 1970ರ ಸುಮಾರಿಗೆ ವಿನ್ಯಾಸ ಮಾಡಿದ್ದು. 1996ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಟೋಕಿಯೊದಲ್ಲಿ ನಮ್ಮ ನೇತ್ರಾ ಕುಮನನ್ ಸ್ಪರ್ಧಿಸಿದ್ದು ಇದರದೇ ರೇಡಿಯಲ್ ಎಂಬ ಬಗೆಯಲ್ಲಿ. ಈ ದೋಣಿಯ ಜಾಣತನ ಇರುವುದೇ ಅಲ್ಲಿ. ಒಡಲು ಒಂದೇ, ಹಾಯಿ ಮೂರು ಅಳತೆಯವು. ದೊಡ್ಡದು 7 ಚದರ ಮೀಟರ್, ರೇಡಿಯಲ್ 5.7ರ ಸುಮಾರು, ಚಿಕ್ಕದು 4.7. ಹಾಯಿ ಬದಲಿಸುವಾಗ ಕಂಬದ ಕೆಳತುಂಡನ್ನೂ ಬದಲಿಸಬೇಕು. ನನಗೆ ಸಿಕ್ಕಿದ್ದು ಚಿಕ್ಕದು. ಅದೇ ಸಾಕು ಸಾಕಾಗಿಸಿತು.

ಭಾವ ಶುರು ಮಾಡಿದ್ದೇ ಮಗುಚುವುದರಿಂದ. ಭರತ ತುಂಬಿದ್ದಾಗ ಆಳ ಇರುವಲ್ಲಿಗೆ ಹೋಗಿ, ಲೈಫ್ ಜಾಕೆಟ್ ಬಿಗಿದು, ಬೇಕೆಂದೇ ದೋಣಿಯನ್ನು ಉರುಳಿಸುವುದು. ಆಮೇಲೆ ಎಬ್ಬಿಸುವುದು. ಹೊಟ್ಟೆಯಿಂದ ಕೆಳಕ್ಕೆ ಚಾಚುವ ನಡುಹಲಗೆ ಆಗ ನೀರಿನ ಮೇಲೆ ಅಡ್ಡಕ್ಕೆ ನಿಂತಿರುತ್ತದೆ. ಅದರ ಮೇಲೆ ಹತ್ತಿ, ಅಂಚು ಹಿಡಿದು, ಹಿಂದಕ್ಕೆ ವಾಲಿದರೆ ದೋಣಿ ಏಳುತ್ತದೆ. ಏಳುವ ಮೊದಲು ಎರಡು ಕೆಲಸ: ಹಾಯಿಯ ಹಗ್ಗ ಸಡಿಲ ಇರಬೇಕು, ಮೂತಿ ಗಾಳಿಯ ಕಡೆಗೆ ಇರಬೇಕು. ಇಲ್ಲದಿದ್ದರೆ ಎದ್ದ ಕೂಡಲೇ ಹಾಯಿಗೆ ಗಾಳಿ ತುಂಬಿ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಕಾಯಲಿನಲ್ಲಿ ಇನ್ನೊಂದು ತಾಪತ್ರಯ. ಆಳ ಕಡಿಮೆ ಇದ್ದಲ್ಲಿ ಪೂರ್ತಿ ತಲೆಕೆಳಗಾದರೆ ಕಂಬದ ತುದಿ ಕೆಸರಿಗೆ ಹೂತುಕೊಳ್ಳುತ್ತದೆ. ಅದಕ್ಕೇ ಭಾವ ಹಾಯಿಯ ತುದಿಗೆ ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿದ್ದಾರೆ. ನೋಡಲು ಚಂದ ಇಲ್ಲ, ಆದರೆ ದೋಣಿ ಅಡ್ಡ ಮಲಗಿ ಅಲ್ಲೇ ನಿಲ್ಲುತ್ತದೆ. ಪೇಟೆಯ ಅಂಗಡಿಗಳಲ್ಲಿ ಸಿಗುವ ಯಾವ ಸಾಮಾನಿಗಿಂತಲೂ ಇದು ಮೇಲು ಎಂದು ನನ್ನ ಅಭಿಪ್ರಾಯ.

ಈ ದೋಣಿಯಲ್ಲಿ ಹಾಯಿಯನ್ನು ನಡುನೀರಿನಲ್ಲಿ ಇಳಿಸಲು ಆಗುವುದಿಲ್ಲ. ಅದು ಕಂಬಕ್ಕೆ ತೋಳಿನ ಹಾಗೆ ತೊಡಿಸಿದ್ದು. ಹಾಗಾಗಿ ಬ್ರೇಕ್ ಎಂದರೆ ಹಗ್ಗ ಬಿಡುವುದು. "ಹಗ್ಗ ಬಿಡು ಭಾವಾ, ಬಿಡು!" ಎಂಬ ಕೂಗು ದಡದಿಂದ ಎಷ್ಟು ಸಲ ಕೇಳಿತೋ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದರಿಂದ, ಯಾರು ಯಾರಿಗೆ ಕಲಿಸುತ್ತಿದ್ದಾರೆಂದು ಆಚೆ ಮನೆಯವರಿಗೆ ಗೊತ್ತಾಗಿರಲಿಕ್ಕಿಲ್ಲ.

ಹೊಸ ವರ್ಷದ ಆಸುಪಾಸು

ಚುಕ್ಕಾಣಿ ಹಿಡಿಯುವುದು ಬೇಗ ಬಂತು. ಹಿಡಿಕೆ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಅಷ್ಟೇ. ಕಷ್ಟ ಇದ್ದದ್ದು ಗಡಿಯಾರದಲ್ಲಿ. ಇಲ್ಲಿ ದಿನಕ್ಕೆ ಎರಡು ಗಡಿಯಾರ ಓಡುತ್ತವೆ, ಒಂದು ಗಾಳಿಯದು, ಒಂದು ನೀರಿನದು. ಅವೆರಡೂ ಒಟ್ಟಿಗೆ ಸರಿಬರುವ ಹೊತ್ತು ಹಿಡಿಯುವುದೇ ಅರ್ಧ ವಿದ್ಯೆ.

ಗಾಳಿ ಹೀಗೆ. ಈ ತಿಂಗಳುಗಳಲ್ಲಿ ಬೆಳಗ್ಗೆ ಮೂಡಣದಿಂದ, ನೆಲದ ಕಡೆಯಿಂದ, ತಣ್ಣಗೆ ಬರುತ್ತದೆ. ಬಿಸಿಲೇರಿದಂತೆ ಸತ್ತುಹೋಗುತ್ತದೆ. ನೆಲ ಕಾದು ಅದರ ಮೇಲಿನ ಗಾಳಿ ಏರಿದಾಗ ಸಮುದ್ರದ ಮೇಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಶುರು, ಮೂರು ಗಂಟೆಯ ಸುಮಾರಿಗೆ ಜೋರು. ನಡುವಿನ ಖಾಲಿ ಹೊತ್ತಿನಲ್ಲಿ ದೋಣಿಯಲ್ಲಿ ಸುಮ್ನೆ ಕೂತು ಬೆವರುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಊಟ ಮಾಡಿಕೊಂಡು ಹೋಗುವುದು ಒಳ್ಳೆಯದು.

ನೀರಿನದು ಬೇರೆ ಲೆಕ್ಕ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಳಿವೆ ಬಾಗಿಲಿನಿಂದ ಒಳಗೆ ಹೋದಷ್ಟೂ ಕಡಲಿಗಿಂತ ಇನ್ನೂ ತಡ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಹಾಗಾಗಿ ನಾನೀಗ ಪಂಚಾಂಗ ನೋಡುತ್ತೇನೆ. ಅಪ್ಪನಿಗೆ ಖುಷಿಯಾಗಿದೆ, ಕಾರಣ ಕೇಳಿಲ್ಲ. ಇಳಿತದಲ್ಲಿ ನಡುಹಲಗೆ ಕೆಸರಿಗೆ ತಾಗುತ್ತದೆ, ಅರ್ಧ ಎತ್ತಿಕೊಳ್ಳಬೇಕು. ಅರ್ಧ ಎತ್ತಿದರೆ ದೋಣಿ ಪಕ್ಕಕ್ಕೆ ಜಾರುತ್ತದೆ. ನಾಲ್ಕು ಗಂಟೆಗೆ ತಳ ಕಾಣುವ ದಿನ ಎಷ್ಟು ಚೆಂದದ ಗಾಳಿ ಬಂದರೂ ಉಪಯೋಗವಿಲ್ಲ.

ಜನವರಿಯ ಭಾನುವಾರಗಳು

ಗಾಳಿಯ ಎದುರಿಗೆ ನೇರ ಹೋಗಲಾಗುವುದಿಲ್ಲ. ಎರಡೂ ಬದಿಗೆ ಸುಮಾರು 45 ಡಿಗ್ರಿಯ ಒಳಗೆ ಮೂತಿ ತಿರುಗಿಸಿದರೆ ಹಾಯಿ ಪಟಪಟ ಬಡಿದು ದೋಣಿ ನಿಂತುಬಿಡುತ್ತದೆ. ಘಾಟಿ ರಸ್ತೆ ಬೆಟ್ಟ ಹತ್ತುವ ಹಾಗೆ ಎಡಕ್ಕೊಂದು ಓಟ, ಬಲಕ್ಕೊಂದು ಓಟ. ಪ್ರತಿ ತಿರುವೂ ಒಂದು ಟ್ಯಾಕ್. ಓಟದ ವೇಗ ಇರುವಾಗಲೇ ತಿರುಗಬೇಕು, ಬೂಮ್, ಅಂದರೆ ಹಾಯಿಯ ಬುಡದ ಅಡ್ಡಗಳ, ತಲೆಯ ಮೇಲೆ ದಾಟುವಾಗ ಬಗ್ಗಬೇಕು, ಬಗ್ಗಿಕೊಂಡೇ ಆಚೆ ಬದಿಗೆ ಕೂರಬೇಕು, ಹಗ್ಗ ಮತ್ತು ಹಿಡಿಕೆ ಬೆನ್ನ ಹಿಂದೆ ಕೈ ಬದಲಾಗಬೇಕು. ಮೊದಮೊದಲು ನಾಲ್ಕು ಕೈ ಬೇಕೆನಿಸಿತು.

ಕಲಿಯಲು ಈ ಕಾಯಲ್ ಹೇಳಿ ಮಾಡಿಸಿದ ಜಾಗ. ಅದು ಹೆಚ್ಚುಕಡಿಮೆ ತೆಂಕು-ಬಡಗು ಚಾಚಿದೆ, ಗಾಳಿ ಪಡುವಣದ್ದು. ಆದ್ದರಿಂದ ಹೋಗುವಾಗಲೂ ಬರುವಾಗಲೂ ಅಡ್ಡ ಗಾಳಿ. ಅದು ಎಲ್ಲಕ್ಕಿಂತ ಸುಲಭ. ಗಾಳಿ ವಾಯವ್ಯಕ್ಕೆ ತಿರುಗಿದ ದಿನ ಬಡಗಿಗೆ ಹೋಗಲು ಟ್ಯಾಕ್ ಬೇಕೇ ಬೇಕು. ಆಗ ಭಾವನ ಕಟ್ಟಳೆ: ಮೊದಲು ಬಡಗಿಗೇ ಹೋಗು, ಕಷ್ಟದ್ದನ್ನು ತೋಳಲ್ಲಿ ಬಲ ಇರುವಾಗಲೇ ಮುಗಿಸು.

ನಮ್ಮ ಕಡವಿನಲ್ಲೇ ಒಂದು ಗುಂಡಿ ಇದೆ, ಗಾಳಿಯ ಗುಂಡಿ. ದ್ವೀಪದ ತುಂಬ ತೆಂಗು. ಪಡುವಣ ಗಾಳಿ ಆ ಸೋಗೆಗಳ ಮೇಲೆ ಹಾದು ದೂರಕ್ಕೆ ಇಳಿಯುತ್ತದೆ, ದಡದ ಹತ್ತಿರ ಬರೀ ಸುಳಿ. ಅದನ್ನು ದಾಟುವವರೆಗೆ ಹುಟ್ಟು ಹಾಕಬೇಕು. ಎದುರಿಗೆ ನೀರಿನ ಮೇಲ್ಮೈ ಎಲ್ಲಿ ಕಪ್ಪಗೆ ಸುಕ್ಕುಗಟ್ಟಿದೆಯೋ ಅಲ್ಲಿ ಗಾಳಿ ಇದೆ. ಇದನ್ನು ಚೆನ್ನಾಗಿ ಹೇಳಿಕೊಟ್ಟದ್ದು ಭಾವ ಅಲ್ಲ, ಬಲೆ ಬಿಡಲು ಬರುವ ಒಬ್ಬ ಅಜ್ಜ. ಹಾಯಿ ನೋಡಬೇಡ, ನೀರು ನೋಡು ಎಂದು ಮಲಯಾಳದಲ್ಲಿ ಎರಡೇ ಮಾತು ಹೇಳಿ ಹೋದರು. ಅವರ ದೋಣಿಗೆ ಎಂಜಿನ್ ಇದೆ.

ಫೆಬ್ರವರಿ

ಈಗಿನ ತೊಡಕು ಕಲ್ಲುಮ್ಮಕಾಯಿ. ನಮ್ಮ ಮಂಗಳೂರು ಕಡೆಯವರ ಪಚ್ಚಿಲೆ, ತಿನ್ನುವ ಚಿಪ್ಪುಜೀವಿ. ಪಡನ್ನೆ ಕಡೆ ನೀರಿನಲ್ಲಿ ಬಿದಿರು ಗಳ ನೆಟ್ಟು ಚಪ್ಪರ ಕಟ್ಟಿ, ಅದರಿಂದ ಹಗ್ಗ ಇಳಿಬಿಟ್ಟು ಬೆಳೆಸುತ್ತಾರೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಇಲ್ಲಿ ಹಬ್ಬಿಸಿದ ಕೃಷಿ. ಹೆಂಗಸರ ಗುಂಪುಗಳೇ ಹೆಚ್ಚು ಮಾಡುವುದು. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ ಮರಿ ಕಟ್ಟುತ್ತಾರೆ, ಮುಂದಿನ ಮಳೆಯ ಸಿಹಿನೀರು ಬರುವ ಮೊದಲು ಕೀಳುತ್ತಾರೆ. ಅಂದರೆ ನಮ್ಮ ಒಳ್ಳೆಯ ಗಾಳಿಯ ಕಾಲ ಪೂರ್ತಿ ಚಪ್ಪರಗಳು ಅಲ್ಲೇ ಇರುತ್ತವೆ. ಅದು ಅವರ ಅನ್ನ, ನಮ್ಮದು ಆಟ. ಅದಕ್ಕೆ ಗಾಳಿ ಜೋರಿದ್ದರೆ ಆ ಕಡೆ ಹೋಗುವುದೇ ಇಲ್ಲ.

ಜೈಬ್‌ಗೆ ಅಷ್ಟು ಅಗಲದ ಖಾಲಿ ನೀರು ಬೇಕು. ಹಿಂದಿನ ಗಾಳಿಯಲ್ಲಿ ಬೂಮ್ ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ಟ್ಯಾಕ್‌ನ ಹಾಗೆ ಯೋಚಿಸಲು ಸಮಯ ಕೊಡುವುದಿಲ್ಲ. ಬೆಳಗಿನ ಮೂಡಣ ಗಾಳಿ ಮೆತ್ತಗಿರುವಾಗ ಅಭ್ಯಾಸ ಮಾಡುವುದು ಎಂದು ಈಗ ಗೊತ್ತುಮಾಡಿದ್ದೇವೆ. ಏಪ್ರಿಲ್ ರಜೆಗೆ ಮತ್ತೆ ಹೋಗುತ್ತೇನೆ. ಮೇ ಕೊನೆಗೆ ದೋಣಿ ಮೇಲೆಳೆದು ಮಗುಚಿ ಹಾಕುವುದು, ಮಳೆಗಾಲದಲ್ಲಿ ಈ ಆಟ ಇಲ್ಲ.

ಅಕ್ಕನ ಮಗಳು ಈಗ ತನಗೂ ಬೇಕು ಎಂದು ಕೂತಿದ್ದಾಳೆ. ಅವಳ ವಯಸ್ಸಿಗೆ ಆಪ್ಟಿಮಿಸ್ಟ್ ಸರಿ. ಎರಡೂಕಾಲು ಮೀಟರ್ ಚಿಲ್ಲರೆ ಉದ್ದದ, ಮೊಂಡು ಮೂತಿಯ, ಮಕ್ಕಳ ದೋಣಿ ಅದು. ಮಂಗಳೂರಿನಿಂದ ಪಯ್ಯನ್ನೂರಿನ ಒಳಗೆ ಯಾರ ಶೆಡ್ಡಿನಲ್ಲಾದರೂ ಹಳೆಯದೊಂದು ಬಿದ್ದಿದ್ದರೆ ತಿಳಿಸಿ. ಹಾಯಿ ಹರಿದಿದ್ದರೂ ನಡೆಯುತ್ತದೆ, ಒಡಲು ಸೋರಬಾರದು.